ಅರೋರಾ ಬಿಲ್ಡರ್‌ನಲ್ಲಿ ನಮ್ಮದೇ ‘ರಂಪಣಿಗಾರ’ ಬ್ಯಾಕ್‌ಗ್ರೌಂಡ್: ಹೆಸರು ಕಾಣುತ್ತದೆ, ಕೌಶಲಗಳು ಹಾಳೆಗೆ ಬರುತ್ತಿಲ್ಲ

ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಾವು ಐದು ಜನ ಕಳೆದ ಮಳೆಗಾಲದಿಂದ ಭಾನುವಾರದ ಮಧ್ಯಾಹ್ನಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಹಾಕಿ ಕಥೆ ಕಟ್ಟುವ ಆಟದ ಐದನೇ ಆವೃತ್ತಿಯನ್ನು 2014ರ ನಿಯಮಗಳ ಪ್ರಕಾರ ಆಡುತ್ತಿದ್ದೇವೆ. ಆಟ ನಡೆಸುವ ಹೊಣೆ ನನ್ನದು. ಕಥೆ ನಡೆಯುವುದು ಕಲ್ಪಿತ ಕರಾವಳಿಯೊಂದರಲ್ಲಿ, ಆದರೆ ಅದರ ಅಳಿವೆಯನ್ನೂ ನಡುಗಡ್ಡೆಗಳನ್ನೂ ದೀಪಸ್ತಂಭವನ್ನೂ ನಾನು ಕಾಳಿ ನದಿಯ ಮುಖ, ಕೂರ್ಮಗಡ ಮತ್ತು ದೇವಗಡಗಳನ್ನು ನೋಡಿಯೇ ಬರೆದಿದ್ದೇನೆ. ಪಾತ್ರಗಳನ್ನು ರಚಿಸಲು ಅಭಿಮಾನಿಗಳು ರೂಪಿಸಿರುವ ಅರೋರಾ ಬಿಲ್ಡರ್ ತಂತ್ರಾಂಶವನ್ನು ಬಳಸುತ್ತೇವೆ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲವಾದ್ದರಿಂದ ಪಾತ್ರದ ವಿವರಗಳಿರುವ ಹಾಳೆಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳುವುದು ನಮ್ಮ ಪದ್ಧತಿ.

ನಮ್ಮ ಆಟಗಾರ್ತಿಯೊಬ್ಬರು ಹೊಸ ಪಾತ್ರಕ್ಕೆ ರಂಪಣಿ ಬಲೆ ಎಳೆಯುವ ಮನೆತನದ ಹಿನ್ನೆಲೆ ಬೇಕೆಂದು ಕೇಳಿದರು. ಅವರ ಅಜ್ಜ ಆ ಬಲೆ ಎಳೆದವರು. ಆಟದ ಪುಸ್ತಕದಲ್ಲಿರುವ ನಾವಿಕನ ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು ಮತ್ತು ಅದರಿಂದ ಬರುವ ಕೌಶಲಗಳು) ಇದಕ್ಕೆ ಹೊಂದುವುದಿಲ್ಲ. ನಾವಿಕ ಹಡಗಿನ ಮನುಷ್ಯ. ರಂಪಣಿಯಲ್ಲಾದರೋ ದೋಣಿಯು ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದ ಮೇಲೆ ಹತ್ತಾರು ಜನ ಮರಳಿನ ಮೇಲೆ ನಿಂತು ಎರಡೂ ತುದಿಯ ಹಗ್ಗ ಹಿಡಿದು ಎಳೆಯಬೇಕು. ಅದು ದಡದ ಕೆಲಸ, ಊರಿನ ಕೆಲಸ. ಆದ್ದರಿಂದ ‘ರಂಪಣಿಗಾರ’ ಎಂಬ ಹೊಸ ಬ್ಯಾಕ್‌ಗ್ರೌಂಡನ್ನೇ ಸೇರಿಸಲು ಹೊರಟೆ.

ಮೊದಲ ಪ್ರಯತ್ನದಲ್ಲಿ, ಅಂತರ್ಜಾಲದಿಂದ ಇಳಿಸಿಕೊಂಡಿದ್ದ ನಾವಿಕನ ಎಕ್ಸ್‌ಎಂಎಲ್ (ಟ್ಯಾಗ್ ಎಂಬ ಗುರುತುಗಳ ನಡುವೆ ಮಾಹಿತಿ ಬರೆಯುವ ಪಠ್ಯರೂಪದ) ಕಡತವನ್ನೇ ತೆರೆದು, ಹೆಸರು ಮತ್ತು ವಿವರಣೆಗಳನ್ನು ಬದಲಿಸಿದೆ. ಎರಡು ದಿನ ಸರಿಯಾಗಿಯೇ ಇತ್ತು. ಮೂರನೆಯ ದಿನ ಹೆಚ್ಚುವರಿ ವಿಷಯಗಳನ್ನು ಹೊಸದಾಗಿ ತರಿಸಿಕೊಂಡಾಗ ನಾನು ಬರೆದದ್ದೆಲ್ಲ ಅಳಿಸಿಹೋಗಿ ನಾವಿಕನೇ ಮರಳಿ ಬಂದ. ಎರಡನೆಯ ಸಲ ಅದೇ ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ ತಿದ್ದಿದೆ. ಈಗ ಕೆಲವೊಮ್ಮೆ ಪಟ್ಟಿಯಲ್ಲಿ ‘ರಂಪಣಿಗಾರ’ ಕಾಣುತ್ತದೆ, ಕೆಲವೊಮ್ಮೆ ನಾವಿಕ ಮಾತ್ರ ಕಾಣುತ್ತಾನೆ. ರಂಪಣಿಗಾರನನ್ನು ಆರಿಸಿದರೂ ನಾನು ಕೊಟ್ಟ ಅಥ್ಲೆಟಿಕ್ಸ್ ಮತ್ತು ಸರ್ವೈವಲ್ ಕೌಶಲಗಳು ಹಾಳೆಯಲ್ಲಿ ಗುರುತಾಗುವುದಿಲ್ಲ. ವಿಶೇಷ ಲಕ್ಷಣದ ಜಾಗವೂ ಖಾಲಿ. ಕೌಶಲದ ಸಾಲಿನಲ್ಲಿ ನಾನು ಗ್ರ್ಯಾಂಟ್ ಎಂಬ ಟ್ಯಾಗ್ ಬರೆದು, ಅದರ ಟೈಪ್ ‘ಸ್ಕಿಲ್’ ಎಂದು ಕೊಟ್ಟಿದ್ದೇನೆ. ಇದರ ಜೊತೆಗೆ ಮುದ್ರಿಸಿದ ಹಾಳೆಯಲ್ಲಿ ಕನ್ನಡದ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಬರುತ್ತಿವೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಅಡಿಕೆತೋಟದ ದಾಳ, ಶಿರಸಿ

ಕಾರವಾರದವರೇ, ನಮಸ್ಕಾರ. ನೀವು ಹೇಳಿದ ತೊಂದರೆಗಳಲ್ಲಿ ಚೌಕಗಳದ್ದೊಂದನ್ನು ಬಿಟ್ಟು ಉಳಿದೆಲ್ಲದರ ಬೇರು ಒಂದೇ ಎಂದು ನನಗೆ ಅನಿಸುತ್ತದೆ. ಈ ತಂತ್ರಾಂಶಕ್ಕೆ ಹೆಸರುಗಳು ಮುಖ್ಯವಲ್ಲ, ಗುರುತುಗಳು ಮುಖ್ಯ. ನಾವು ಮನುಷ್ಯರು ಹೆಸರು ಓದಿ ವಿಷಯ ತಿಳಿದುಕೊಳ್ಳುತ್ತೇವೆ. ಅದು ಐಡಿ ಓದಿ ವಿಷಯ ಹುಡುಕುತ್ತದೆ. ಜಮೀನಿನ ಪಹಣಿಯನ್ನು ನೆನಪಿಸಿಕೊಳ್ಳಿ. ಒಂದೇ ಹೆಸರಿನ ಇಬ್ಬರು ಒಂದೇ ಗ್ರಾಮದಲ್ಲಿ ಇರಬಹುದು, ಅದರಿಂದ ಗೊಂದಲವಿಲ್ಲ. ಆದರೆ ಒಂದೇ ಗ್ರಾಮದಲ್ಲಿ ಒಂದೇ ಸರ್ವೆ ನಂಬರು ಮತ್ತು ಹಿಸ್ಸೆ ಎರಡು ತೋಟಗಳಿಗೆ ಬಿದ್ದರೆ ಯಾವ ದಾಖಲೆಯೂ ನಿಲ್ಲುವುದಿಲ್ಲ. ನೀವು ನಾವಿಕನ ಕಡತದ ಪ್ರತಿ ತೆಗೆದು ಹೆಸರನ್ನಷ್ಟೇ ಬದಲಿಸಿದ್ದೀರಿ, ಐಡಿಯನ್ನು ಹಾಗೆಯೇ ಬಿಟ್ಟಿದ್ದೀರಿ ಎಂದು ಊಹಿಸುತ್ತೇನೆ. ಹಾಗಿದ್ದಲ್ಲಿ ಒಂದೇ ಗುರುತಿಗೆ ಎರಡು ವಸ್ತುಗಳಾದವು, ಮತ್ತು ಅವುಗಳಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತಿದೆ. ಕೆಲವೊಮ್ಮೆ ಇವನು, ಕೆಲವೊಮ್ಮೆ ಅವನು ಕಾಣುವುದಕ್ಕೆ ಕಾರಣ ಇದೇ ಇರಬೇಕು.

ಐಡಿಯನ್ನು ಬರೆಯುವ ರೂಢಿ ಹೀಗಿದೆ: ಮೊದಲು ‘ಐಡಿ’ ಎಂಬ ಎರಡು ಅಕ್ಷರ, ಬಳಿಕ ಮೂಲವನ್ನು ಸೂಚಿಸುವ ಚಿಕ್ಕ ಗುರುತು, ಬಳಿಕ ವಸ್ತುವಿನ ಬಗೆ, ಕೊನೆಗೆ ಅದರ ಹೆಸರು. ಎಲ್ಲವೂ ರೋಮನ್ ದೊಡ್ಡಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ. ನಿಮ್ಮದು ‘ಐಡಿ, ಕಾರವಾರ, ಬ್ಯಾಕ್‌ಗ್ರೌಂಡ್, ರಂಪಣಿ’ ಎಂಬ ಕ್ರಮದಲ್ಲಿ ಇರಲಿ. ಮೂಲದ ಗುರುತಿಗೆ ನಿಮ್ಮ ಬಳಗದ ಹೆಸರನ್ನೇ ಸೇರಿಸಿದರೆ ಮುಂದೆ ಬೇರೆಯವರ ಕಡತಗಳೊಂದಿಗೆ ಘರ್ಷಣೆ ಆಗುವುದಿಲ್ಲ. ಇದನ್ನು ಒಮ್ಮೆ ನಿಶ್ಚಯಿಸಿದ ಮೇಲೆ ಬದಲಿಸಬೇಡಿ. ಏಕೆಂದರೆ ಉಳಿಸಿಟ್ಟ ಪಾತ್ರದ ಕಡತವು ಬ್ಯಾಕ್‌ಗ್ರೌಂಡಿನ ಪೂರ್ತಿ ವಿವರವನ್ನು ತನ್ನೊಳಗೆ ಇಟ್ಟುಕೊಳ್ಳದೆ, ಈ ಗುರುತನ್ನು ಹಿಡಿದೇ ಅದನ್ನು ಮರಳಿ ಹುಡುಕುತ್ತದೆ.

ಈಗ ಕೌಶಲಗಳ ವಿಷಯ. ಗ್ರ್ಯಾಂಟ್ ಎಂದರೆ ‘ಈ ಬಗೆಯ, ಈ ಗುರುತಿನ ವಸ್ತುವನ್ನು ಪಾತ್ರಕ್ಕೆ ಕೊಡು’ ಎಂಬ ಆಜ್ಞೆ. ನೀವು ಕೊಡಬೇಕೆಂದಿರುವುದು ಅಥ್ಲೆಟಿಕ್ಸ್ ಎಂಬ ಕೌಶಲವನ್ನಲ್ಲ, ಕೌಶಲವಂತೂ ಎಲ್ಲ ಪಾತ್ರಗಳಿಗೂ ಇದ್ದೇ ಇದೆ. ನೀವು ಕೊಡಬೇಕಾದದ್ದು ಅದರಲ್ಲಿನ ಪರಿಣತಿಯನ್ನು. ಆದ್ದರಿಂದ ಟೈಪ್ ಎಂಬಲ್ಲಿ ‘ಪ್ರೊಫಿಷಿಯೆನ್ಸಿ’ ಎಂದು ಬರಬೇಕು, ಐಡಿಯಲ್ಲಿ ‘ಐಡಿ, ಪ್ರೊಫಿಷಿಯೆನ್ಸಿ, ಸ್ಕಿಲ್, ಅಥ್ಲೆಟಿಕ್ಸ್’ ಎಂಬ ನಾಲ್ಕು ಪದಗಳು ಅಂಡರ್‌ಸ್ಕೋರಿನಿಂದ ಕೂಡಿ ಬರಬೇಕು. ಹೀಗೆ ತಪ್ಪು ಬಗೆ ಬರೆದಾಗ ತಂತ್ರಾಂಶ ಹುಡುಕುತ್ತದೆ, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ನಮಗೆ ಕಾಣುವುದು ಖಾಲಿ ಜಾಗ ಮಾತ್ರ. ಐಡಿಗಳನ್ನು ಎಂದೂ ಊಹಿಸಿ ಬರೆಯಬೇಡಿ. ಈಗಾಗಲೇ ಸರಿಯಾಗಿ ಕೆಲಸ ಮಾಡುತ್ತಿರುವ ಒಂದು ಕಡತವನ್ನು ತೆರೆದು, ಅಲ್ಲಿಂದ ಅಕ್ಷರಕ್ಕೆ ಅಕ್ಷರ ನಕಲಿಸಿಕೊಳ್ಳಿ. ಜಲವಾಹನದ ಪರಿಣತಿಯ ಐಡಿ ಬೇಕಾದರೆ ಅದೇ ನಾವಿಕನ ಕಡತದಲ್ಲಿ ಸಿಗುತ್ತದೆ.

ವಿಶೇಷ ಲಕ್ಷಣದ ಜಾಗ ಖಾಲಿ ಇರುವುದಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಬ್ಯಾಕ್‌ಗ್ರೌಂಡಿನ ವಿವರಣೆಯೊಳಗೆ ನೀವು ಲಕ್ಷಣದ ಬಗ್ಗೆ ಎಷ್ಟೇ ಚೆನ್ನಾಗಿ ಬರೆದರೂ ತಂತ್ರಾಂಶದ ಪಾಲಿಗೆ ಅದು ಬರೀ ಓದುವ ಪಠ್ಯ. ಲಕ್ಷಣವು ತನ್ನದೇ ಐಡಿ ಇರುವ ಪ್ರತ್ಯೇಕ ಎಲಿಮೆಂಟ್ (ಕಡತದಲ್ಲಿ ಒಂದು ವಸ್ತುವನ್ನು ವಿವರಿಸುವ ಭಾಗ) ಆಗಿರಬೇಕು, ಅದರ ಬಗೆ ‘ಬ್ಯಾಕ್‌ಗ್ರೌಂಡ್ ಫೀಚರ್’ ಆಗಿರಬೇಕು, ಮತ್ತು ನಿಮ್ಮ ಬ್ಯಾಕ್‌ಗ್ರೌಂಡಿನ ನಿಯಮಗಳ ಭಾಗದಲ್ಲಿ ಅದನ್ನು ಗ್ರ್ಯಾಂಟ್ ಮೂಲಕ ಕೊಟ್ಟಿರಬೇಕು. ಎರಡೂ ಎಲಿಮೆಂಟ್‌ಗಳು ಒಂದೇ ಕಡತದಲ್ಲಿ ಒಂದರ ಕೆಳಗೊಂದು ಇರಬಹುದು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಬಹುತೇಕರು ಇಲ್ಲಿ ಎಡವುತ್ತಾರೆ. ಆಟದ ನಿಯಮದ ಪ್ರಕಾರ ಒಂದೇ ಪರಿಣತಿ ಎರಡು ಕಡೆಯಿಂದ ಬಂದರೆ ಆಟಗಾರ ಅದೇ ಬಗೆಯ ಬೇರೊಂದನ್ನು ಆರಿಸಿಕೊಳ್ಳಬಹುದು. ನಿಮ್ಮ ಆಟಗಾರ್ತಿ ಫೈಟರ್ (ಯೋಧ) ವರ್ಗದವರಾಗಿ ಅಥ್ಲೆಟಿಕ್ಸ್ ತೆಗೆದುಕೊಂಡು, ರಂಪಣಿಗಾರ್ತಿಯಾಗಿಯೂ ಅದನ್ನೇ ಪಡೆದು ಹಾಗೆಯೇ ಬಿಟ್ಟರೆ ಒಂದು ಪರಿಣತಿ ವ್ಯರ್ಥವಾಗುತ್ತದೆ. ಫೈಟರ್‌ನ ಕೌಶಲಗಳನ್ನು ಆಟಗಾರರೇ ಪಟ್ಟಿಯಿಂದ ಆರಿಸುವುದರಿಂದ ಅಲ್ಲಿ ಬೇರೊಂದನ್ನು ಆರಿಸಿದರೆ ಸಾಕು. ಬ್ಯಾಕ್‌ಗ್ರೌಂಡಿನಲ್ಲಿಯೇ ಆಯ್ಕೆ ಬಿಡಬೇಕೆಂದಿದ್ದರೆ ಗ್ರ್ಯಾಂಟ್ ಬದಲು ಸೆಲೆಕ್ಟ್ ಬಳಸಿ. ಅದಕ್ಕೆ ಬಗೆಯನ್ನೂ ಎಷ್ಟು ಆಯ್ಕೆ ಎಂಬ ಸಂಖ್ಯೆಯನ್ನೂ ಕೊಟ್ಟರೆ ಪರದೆಯಲ್ಲಿ ಪಟ್ಟಿ ತೆರೆದುಕೊಳ್ಳುತ್ತದೆ. ಭಾಷೆಯ ಆಯ್ಕೆಗೆ ನಾನು ಯಾವಾಗಲೂ ಸೆಲೆಕ್ಟ್ ಅನ್ನೇ ಇಡುತ್ತೇನೆ.

ಕಡತ ಇಡುವ ಜಾಗ: ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ತಂತ್ರಾಂಶ ತಾನೇ ಮಾಡಿಕೊಂಡಿರುವ ಫೋಲ್ಡರಿದೆ, ಅದರೊಳಗೆ ‘ಕಸ್ಟಮ್’ ಎಂಬುದಿದೆ. ಅಲ್ಲಿ ನಿಮ್ಮ ಬಳಗದ ಹೆಸರಿನಲ್ಲಿ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ. ಅಂತರ್ಜಾಲದಿಂದ ಇಳಿದ ಕಡತಗಳನ್ನು ಮುಟ್ಟಲೇಬೇಡಿ. ಅವು ಹೊಸ ಆವೃತ್ತಿ ಬಂದಾಗ ಬದಲಾಗುವುದು ಸಹಜ, ನಿಮ್ಮ ಎರಡು ದಿನದ ಶ್ರಮ ಹೋದದ್ದು ಹಾಗೆ. ತಿದ್ದಿದ ಮೇಲೆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ, ಏಕೆಂದರೆ ಅದು ಆರಂಭದಲ್ಲಿ ಎಲ್ಲ ಕಡತಗಳನ್ನೂ ಓದಿಕೊಳ್ಳುತ್ತದೆ. ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಮುಚ್ಚಿಡುವ ಕಾರಣ, ನೋಟ್‌ಪ್ಯಾಡಿನಿಂದ ಉಳಿಸಿದ ಕಡತವು ಕಣ್ಣಿಗೆ ಎಕ್ಸ್‌ಎಂಎಲ್ ಎಂದು ಕಂಡರೂ ವಾಸ್ತವದಲ್ಲಿ ಕೊನೆಯಲ್ಲಿ ಟಿಎಕ್ಸ್‌ಟಿ ಅಂಟಿಕೊಂಡಿರುವುದುಂಟು. ಅದನ್ನೂ ಒಮ್ಮೆ ನೋಡಿಕೊಳ್ಳಿ.

ನನ್ನ ಒತ್ತಾಯದ ಸಲಹೆ ಒಂದೇ. ಇಡೀ ಬ್ಯಾಕ್‌ಗ್ರೌಂಡನ್ನು ಒಮ್ಮೆಲೇ ಬರೆಯಬೇಡಿ. ಹೆಸರು, ಐಡಿ, ಒಂದು ಸಾಲಿನ ವಿವರಣೆ, ಒಂದು ಕೌಶಲ, ಇಷ್ಟನ್ನೇ ಬರೆದು ತಂತ್ರಾಂಶ ತೆರೆದು ನೋಡಿ. ಅದು ಬಂದರೆ ಎರಡನೆಯ ಕೌಶಲ. ಅದೂ ಬಂದರೆ ಲಕ್ಷಣ. ಹೀಗೆ ಹೋದರೆ ತಪ್ಪಾದಾಗ ಯಾವ ಸಾಲಿನಿಂದ ತಪ್ಪಾಯಿತು ಎಂಬುದು ಹುಡುಕದೆಯೇ ತಿಳಿಯುತ್ತದೆ.

ಅಘನಾಶಿನಿ, ಕುಮಟಾ

ಶಿರಸಿಯವರು ಗುರುತುಗಳ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಕನ್ನಡ ಲಿಪಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅಕ್ಷರ ಜೋಡಣೆಯೇ ನನ್ನ ವೃತ್ತಿ, ಮತ್ತು ಈ ತೊಂದರೆಯನ್ನು ಆಟದ ಹಾಳೆಗಿಂತ ಮುಂಚೆ ಮದುವೆ ಕರೆಯೋಲೆಗಳಲ್ಲಿ ಸಾಕಷ್ಟು ಅನುಭವಿಸಿದ್ದೇನೆ.

ಮೊದಲು, ನೀವು ಯಾವುದರಲ್ಲಿ ಟೈಪ್ ಮಾಡಿದ್ದೀರಿ ಎಂದು ಖಚಿತಪಡಿಸಿಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಪಠ್ಯವು ಕನ್ನಡದಂತೆ ಕಂಡರೂ ಕಡತದೊಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳಾಗಿ ಹರಡಿಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಚಿಹ್ನೆಗಳ ನಡುವೆ ಆಂಪರ್ಸೆಂಡ್ (&) ಚಿಹ್ನೆಯೋ ಕೋನಾಕೃತಿಯ ಆವರಣವೋ ಬಂದುಬಿಟ್ಟರೆ ಎಕ್ಸ್‌ಎಂಎಲ್ ಓದುವ ಯಂತ್ರವು ಅದನ್ನು ತನಗಿರುವ ವಿಶೇಷ ಸೂಚನೆಯ ಆರಂಭವೆಂದು ತಿಳಿದು ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಯೂನಿಕೋಡಿನಲ್ಲಿ ಬರೆಯಿರಿ, ಉಳಿಸುವಾಗ ಯುಟಿಎಫ್-8 ಎಂದು ಆರಿಸಿ. ಕೆ.ಜಿ.ಪಿ. ಕೀಲಿಮಣೆಯ ವಿನ್ಯಾಸ ರೂಢಿಯಾಗಿದ್ದವರು ಅದನ್ನು ಬಿಡಬೇಕಿಲ್ಲ, ಅದೇ ವಿನ್ಯಾಸದಲ್ಲಿ ಯೂನಿಕೋಡ್ ಬರೆಯಬಹುದು.

ಎರಡನೆಯದಾಗಿ, ಹೆಸರಿನಲ್ಲೂ ವಿವರಣೆಯಲ್ಲೂ ಕನ್ನಡ ಇರಲಿ, ಆದರೆ ಐಡಿ, ಟೈಪ್ ಮತ್ತು ಕಡತದ ಹೆಸರಿನಲ್ಲಿ ಬೇಡ. ಕನ್ನಡ ಬರೆಯುವಾಗ ಕೆಲವು ಒತ್ತಕ್ಷರಗಳನ್ನು ಬಿಡಿಸಿ ತೋರಿಸಲು ನಾವು ಶೂನ್ಯ ಅಗಲದ ಅದೃಶ್ಯ ಅಕ್ಷರಗಳನ್ನು ಬಳಸುತ್ತೇವೆ. ‘ಬ್ಯಾಕ್‌ಗ್ರೌಂಡ್’ ಎಂಬ ಪದದಲ್ಲೇ ‘ಕ್’ ಮತ್ತು ‘ಗ್ರೌ’ ನಡುವೆ ಅಂಥದೊಂದು ಕೂತಿರುತ್ತದೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಓದುವ ನಮಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ. ವಾಟ್ಸ್‌ಆಪಿನಿಂದಲೋ ವರ್ಡ್‌ನಿಂದಲೋ ಸಾಲುಗಳನ್ನು ನಕಲಿಸಿದರೆ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬದಲಾಗಿರುವುದೂ ಉಂಟು. ಟ್ಯಾಗಿನ ಗುಣಗಳಿಗೆ ನೇರ ಚಿಹ್ನೆಗಳೇ ಬೇಕು. ತಪ್ಪನ್ನು ಹಿಡಿಯಲು ಸುಲಭ ಉಪಾಯವೊಂದಿದೆ: ಆ ಕಡತವನ್ನು ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ತೆರೆಯಿರಿ. ರಚನೆ ಸರಿಯಿದ್ದರೆ ಮರದ ಕೊಂಬೆಗಳಂತೆ ಜೋಡಿಸಿ ತೋರಿಸುತ್ತದೆ, ಇಲ್ಲದಿದ್ದರೆ ಯಾವ ಸಾಲಿನಲ್ಲಿ ದೋಷವಿದೆ ಎಂದು ಹೇಳುತ್ತದೆ. ಆದರೆ ಒಂದು ಎಚ್ಚರಿಕೆ. ಬ್ರೌಸರ್ ನೋಡುವುದು ವ್ಯಾಕರಣವನ್ನು ಮಾತ್ರ, ಅರ್ಥವನ್ನಲ್ಲ. ನೀವು ಬರೆದ ತಪ್ಪು ಟೈಪನ್ನು ಅದು ಹಿಡಿದುಕೊಡಲಾರದು.

ಚೌಕಗಳ ಕಾರಣ ಇದು: ಪಿಡಿಎಫ್ ನಮೂನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಮೂಲ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರ ರೂಪಗಳೇ ಇರುವುದಿಲ್ಲ. ಪರದೆಯ ಮೇಲೆ ವಿಂಡೋಸ್ ತಾನಾಗಿಯೇ ತುಂಗಾ ಅಥವಾ ನಿರ್ಮಲಾ ಫಾಂಟನ್ನು ತಂದು ಜೋಡಿಸುವುದರಿಂದ ಅಲ್ಲಿ ಸರಿಯಾಗಿ ಕಾಣುತ್ತದೆ, ಹಾಳೆಗೆ ಇಳಿಯುವಾಗ ಆ ನೆರವು ಸಿಗುವುದಿಲ್ಲ. ಫಾಂಟ್ ಸೇರಿಸಿದರೂ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಬೇರೆಯೇ ಇದೆ. ನಾನು ಕಂಡುಕೊಂಡ ದಾರಿ ಹೀಗಿದೆ. ಹಾಳೆಯ ಮೇಲೆ ಬರುವ ಚಿಕ್ಕ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಇಡುತ್ತೇನೆ. ಕನ್ನಡದ ಹೆಸರನ್ನೂ ಪೂರ್ತಿ ವಿವರಣೆಯನ್ನೂ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಬೇರೊಂದು ಪುಟದಲ್ಲಿ ಜೋಡಿಸಿ, ಹಾಳೆಯ ಹಿಂಬದಿಗೆ ಮುದ್ರಿಸುತ್ತೇನೆ. ಆಟದ ಮಧ್ಯೆ ಆಟಗಾರರು ಓದುವುದು ಹಿಂಬದಿಯನ್ನೇ, ಆದ್ದರಿಂದ ಅದು ಚೆನ್ನಾಗಿ ಕಂಡರೆ ನನಗೆ ತೃಪ್ತಿ.

ಸುಗ್ಗಿಹುಣ್ಣಿಮೆ, ಅಂಕೋಲಾ

ತಾಂತ್ರಿಕ ವಿಷಯ ನನಗೆ ಅಷ್ಟಾಗಿ ತಿಳಿಯದು, ಆದರೆ ಒಳಗೆ ಏನನ್ನು ತುಂಬುತ್ತೀರಿ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು.

ರಂಪಣಿಯನ್ನು ಬ್ಯಾಕ್‌ಗ್ರೌಂಡ್ ಆಗಿ ಆರಿಸಿದ್ದು ನನಗೆ ತುಂಬ ಹಿಡಿಸಿತು. ಕಳೆದ ವರ್ಷ ಬೇರೊಂದು ಬಳಗದಲ್ಲಿ ನಮ್ಮ ಜಿಲ್ಲೆಯ ಸಮುದಾಯಗಳನ್ನೇ ಆಟದ ‘ರೇಸ್’ (ಪಾತ್ರದ ಹುಟ್ಟಿನ ಕುಲ) ಎಂದು ಮಾಡಿ, ಇವರಿಗೆ ಬಲ ಇಷ್ಟು, ಅವರಿಗೆ ಬುದ್ಧಿ ಇಷ್ಟು ಎಂದು ಅಂಕ ಹಾಕಿದ್ದನ್ನು ಕಂಡು ನೊಂದಿದ್ದೆ. ಹಾಲಕ್ಕಿಗಳೂ ಸಿದ್ದಿಗಳೂ ನಮ್ಮ ನೆರೆಹೊರೆಯ ಜನ. ಎಲ್ಫ್ ಮತ್ತು ಡ್ವಾರ್ಫ್ ಎಂಬ ಕಲ್ಪಿತ ಕುಲಗಳ ಸಾಲಿನಲ್ಲಿ ಅವರನ್ನು ಕೂರಿಸುವುದು ಮೂಲತಃ ತಪ್ಪು. ಆಟದ ಪ್ರಕಾಶಕರೇ 2024ರ ನಿಯಮಗಳಲ್ಲಿ ಆ ಪದವನ್ನು ಬಿಟ್ಟು ‘ಸ್ಪೀಷೀಸ್’ ಎಂದು ಬದಲಿಸಿದರು, ಸಾಮರ್ಥ್ಯದ ಅಂಕಗಳ ಹೆಚ್ಚಳವನ್ನು ಹುಟ್ಟಿನಿಂದ ತೆಗೆದು ಬ್ಯಾಕ್‌ಗ್ರೌಂಡಿಗೆ ಕೊಟ್ಟರು. ಮನುಷ್ಯ ಏನು ಮಾಡಿ ಬದುಕಿದ ಎಂಬುದರಿಂದ ಅವನ ಕೌಶಲ ಬಂದಿತು ಎಂಬ ತಿಳಿವಳಿಕೆ ಅದರಲ್ಲಿದೆ. ನೀವು 2014ರ ನಿಯಮದಲ್ಲೇ ಆಡುತ್ತಿದ್ದರೂ ಈ ತಿಳಿವಳಿಕೆಯನ್ನು ಉಳಿಸಿಕೊಳ್ಳಬಹುದು.

ಲಕ್ಷಣಕ್ಕೆ ನನ್ನದೊಂದು ಸೂಚನೆ. ರಂಪಣಿಯ ಹೆಚ್ಚುಗಾರಿಕೆ ತೋಳಿನ ಬಲದಲ್ಲಿಲ್ಲ, ಕೂಗಿಗೆ ಜನ ಸೇರುವುದರಲ್ಲಿದೆ. ಬಂಗಡೆಯ ಹಿಂಡು ಬಂದಿದೆ ಎಂಬ ಸುದ್ದಿ ಹರಡಿದರೆ ಸಾಕು, ಎಳೆಯಲು ಬಂದವರಿಗೆಲ್ಲ ಪಾಲು ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಲಕ್ಷಣವನ್ನು ಹೀಗೆ ಬರೆಯಬಹುದು: ಕರಾವಳಿಯ ಯಾವುದೇ ಮೀನುಗಾರರ ಊರಿನಲ್ಲಿ ನೀನು ಕೂಗಿದರೆ ಕೈಜೋಡಿಸಲು ಜನ ಬರುತ್ತಾರೆ, ದೋಣಿ ಎಳೆಯುವುದು, ಮುಳುಗಿದ ಸರಕು ಮೇಲೆತ್ತುವುದು ಮುಂತಾದ ಕೆಲಸಕ್ಕೆ ನೆರವಾಗುತ್ತಾರೆ, ಆದರೆ ಸಿಕ್ಕಿದ್ದರಲ್ಲಿ ಅವರಿಗೆ ಪಾಲು ಕೊಡಲೇಬೇಕು, ಮತ್ತು ನಿನಗಾಗಿ ಅವರು ಕತ್ತಿ ಹಿಡಿಯುವುದಿಲ್ಲ. 2014ರ ಬ್ಯಾಕ್‌ಗ್ರೌಂಡ್ ಲಕ್ಷಣಗಳ ಸ್ವಭಾವವೂ ಹೀಗೆಯೇ ಇದೆ. ಅವು ದಾಳದ ಅಂಕಕ್ಕೆ ಏನನ್ನೂ ಕೂಡಿಸುವುದಿಲ್ಲ, ಕಥೆಯಲ್ಲಿ ಬಾಗಿಲು ತೆರೆಯುತ್ತವೆ. ಪಾಲು ಕೊಡದ ಪಾತ್ರಕ್ಕೆ ಮುಂದಿನ ಊರಿನಲ್ಲಿ ಯಾರೂ ಬರುವುದಿಲ್ಲ ಎಂಬ ಪರಿಣಾಮವನ್ನೂ ನೀವು ಕಥೆಯಲ್ಲಿ ತರಬಹುದು.

ಶಿರಸಿಯವರಿಗೆ ಒಂದು ಕೋರಿಕೆ ಇದೆ. ನಿಮ್ಮ ಊರಿನ ಬೇಡರ ವೇಷವನ್ನೂ ಯಾರಾದರೂ ಬ್ಯಾಕ್‌ಗ್ರೌಂಡ್ ಮಾಡಿದರೆ, ಎರಡು ವರ್ಷಕ್ಕೊಮ್ಮೆ ಹೋಳಿಯ ಹೊತ್ತಿನ ರಾತ್ರಿಗಳಲ್ಲಿ ನವಿಲುಗರಿ ಕಟ್ಟಿ ಕುಣಿಯುವ ಆ ವೇಷಧಾರಿಯನ್ನು ಕಾಡಿನ ಕ್ರೂರಿಯಾಗಿ ಬರೆಯದೆ ಕಲಾವಿದನಾಗಿ ಬರೆಯಿರಿ, ಪರ್ಫಾರ್ಮೆನ್ಸ್ ಕೌಶಲ ಕೊಡಿ, ಹಗ್ಗ ಹಿಡಿದು ಅವನನ್ನು ತಡೆಯುವ ಜೊತೆಗಾರರನ್ನೂ ಮರೆಯಬೇಡಿ.

ಕಾಳಿತೀರ, ಕಾರವಾರ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಶಿರಸಿಯವರ ಊಹೆ ಸಂಪೂರ್ಣ ಸರಿಯಾಗಿತ್ತು. ಐಡಿಯನ್ನು ನಾನು ಬದಲಿಸಿಯೇ ಇರಲಿಲ್ಲ. ನಿನ್ನೆ ರಾತ್ರಿ ಹೊಸ ಫೋಲ್ಡರಿನಲ್ಲಿ ಹೊಸ ಕಡತ ತೆರೆದು, ಮೊದಲು ಅಥ್ಲೆಟಿಕ್ಸ್ ಒಂದನ್ನೇ ಕೊಟ್ಟು ನೋಡಿದೆ. ಬಂತು. ಬಳಿಕ ಸರ್ವೈವಲ್, ಜಲವಾಹನ, ಒಂದು ಭಾಷೆಯ ಆಯ್ಕೆ, ಹೀಗೆ ಒಂದೊಂದಾಗಿ ಸೇರಿಸುತ್ತ ಹೋದೆ. ಲಕ್ಷಣಕ್ಕೆ ಅಂಕೋಲೆಯವರು ಬರೆದ ಪಾಲಿನ ಷರತ್ತನ್ನೇ ಇಟ್ಟುಕೊಂಡಿದ್ದೇನೆ. ಅದನ್ನು ಓದಿದ ನಮ್ಮ ಆಟಗಾರ್ತಿ, ಅಜ್ಜ ಹೇಳುತ್ತಿದ್ದುದೂ ಇದನ್ನೇ ಎಂದರು.

ಇನ್ನೆರಡು ಪ್ರಶ್ನೆಗಳಿವೆ. ಮಿರ್ಜಾನ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕಾಳುಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿಯಂಥ ಅರಸಿಯೊಬ್ಬಳ ಕೋಟೆ ಕಾಯುವ ಯೋಧರ ಬಗೆಯನ್ನು ಫೈಟರ್ ವರ್ಗದ ಉಪವರ್ಗವಾಗಿ ಬರೆಯಬೇಕೆಂದಿದ್ದೇನೆ. ಎಲಿಮೆಂಟ್ ಬರೆದೆ, ಆದರೆ ಪಾತ್ರ ಮೂರನೇ ಹಂತಕ್ಕೆ ಬಂದಾಗ ಉಪವರ್ಗದ ಪಟ್ಟಿಯಲ್ಲಿ ಅದು ಕಾಣುತ್ತಿಲ್ಲ. ಮತ್ತೊಂದು ಪ್ರಶ್ನೆ: ಈ ಕಡತಗಳನ್ನು ಉಳಿದ ನಾಲ್ವರ ಕಂಪ್ಯೂಟರಿಗೂ ತಲುಪಿಸುವ ಸರಿಯಾದ ಮಾರ್ಗ ಯಾವುದು, ಮತ್ತು ಬೇರೆ ಬಳಗಗಳಿಗೆ ಹಂಚಬಹುದೇ?

ಅಡಿಕೆತೋಟದ ದಾಳ, ಶಿರಸಿ

ಅಂಕೋಲೆಯವರ ಕೋರಿಕೆಯನ್ನು ಒಪ್ಪಿದ್ದೇನೆ. ಬೇಡರ ವೇಷದ ಬ್ಯಾಕ್‌ಗ್ರೌಂಡನ್ನು ನಾನೇ ಬರೆಯುವೆ, ಹಗ್ಗ ಹಿಡಿಯುವವರ ಪಾಲಿಗೂ ಒಂದು ಪರ್ಯಾಯ ಇರುತ್ತದೆ.

ಉಪವರ್ಗ ಕಾಣದಿರುವುದಕ್ಕೆ ಕಾರಣ ಸಪೋರ್ಟ್ಸ್ ಎಂಬ ಟ್ಯಾಗ್ ಇಲ್ಲದಿರುವುದು. ಫೈಟರ್ ವರ್ಗವು ಮೂರನೇ ಹಂತದಲ್ಲಿ ‘ಆರ್ಕಿಟೈಪ್ ಬಗೆಯ ವಸ್ತುಗಳಲ್ಲಿ ಮಾರ್ಷಿಯಲ್ ಆರ್ಕಿಟೈಪ್ ಎಂಬ ಚೀಟಿ ಅಂಟಿಸಿಕೊಂಡವುಗಳನ್ನು ಮಾತ್ರ ತೋರಿಸು’ ಎಂದು ಕೇಳುತ್ತದೆ. ನಿಮ್ಮ ಎಲಿಮೆಂಟಿನ ಬಗೆ ಆರ್ಕಿಟೈಪ್ ಆಗಿರಲಿ, ಸಪೋರ್ಟ್ಸ್ ಟ್ಯಾಗಿನಲ್ಲಿ ಆ ಎರಡು ಪದಗಳು ಅಕ್ಷರಶಃ ಇರಲಿ, ಆಗ ಪಟ್ಟಿಗೆ ಸೇರುತ್ತದೆ. ಗಮನಿಸಿ, ಇಲ್ಲಿ ನೀವು ಫೈಟರ್ ವರ್ಗದ ಕಡತವನ್ನು ಮುಟ್ಟಲೇ ಇಲ್ಲ. ಹಳೆಯದು ಹೊಸದನ್ನು ಚೀಟಿ ನೋಡಿ ಹುಡುಕಿಕೊಳ್ಳುತ್ತದೆ.

ಫೈಟರ್ ಉಪವರ್ಗದ ಲಕ್ಷಣಗಳು 3, 7, 10, 15 ಮತ್ತು 18ನೇ ಹಂತಗಳಲ್ಲಿ ಬರುತ್ತವೆ. ಪ್ರತಿ ಲಕ್ಷಣವನ್ನೂ ಪ್ರತ್ಯೇಕ ಎಲಿಮೆಂಟ್ ಆಗಿ ಬರೆದು, ಉಪವರ್ಗದ ಗ್ರ್ಯಾಂಟ್ ಸಾಲಿನಲ್ಲಿ ಲೆವೆಲ್ ಎಂಬ ಗುಣದಲ್ಲಿ ಆಯಾ ಸಂಖ್ಯೆಯನ್ನು ಕೊಡಿ. ನಿಮ್ಮ ಬಳಗದ ಪಾತ್ರಗಳು ಈಗ ಮೂರನೇ ಹಂತದಲ್ಲಿದ್ದರೆ 3 ಮತ್ತು 7ನ್ನು ಮಾತ್ರ ಬರೆದರೂ ಸಾಕು, ಮಿಕ್ಕದ್ದನ್ನು ಆಡಿ ನೋಡಿದ ಮೇಲೆ ಬರೆಯಿರಿ. ಲಕ್ಷಣವು ಅಂಕವೊಂದನ್ನು ಬದಲಿಸುವುದಾದರೆ ಸ್ಟ್ಯಾಟ್ ಎಂಬ ನಿಯಮ ಬೇಕು. ‘ಗೋಡೆಯ ಬೆನ್ನಿಗೆ ನಿಂತಾಗ ಆರ್ಮರ್ ಕ್ಲಾಸ್ (ಏಟಿನಿಂದ ಕಾಯುವ ರಕ್ಷಣೆಯ ಅಂಕ) ಒಂದು ಹೆಚ್ಚು’ ಎಂಬಂಥ ಲಕ್ಷಣವನ್ನು ಸ್ಟ್ಯಾಟ್ ಮಾಡಬೇಡಿ. ಪಾತ್ರ ಗೋಡೆಯ ಬಳಿ ನಿಂತಿದೆಯೇ ಎಂಬುದು ತಂತ್ರಾಂಶಕ್ಕೆ ತಿಳಿಯದು, ಅದು ಯಾವಾಗಲೂ ಕೂಡಿಸಿಬಿಡುತ್ತದೆ. ಸದಾ ಇರುವ ಬದಲಾವಣೆ ಮಾತ್ರ ಸ್ಟ್ಯಾಟ್ ಆಗಲಿ, ಸಂದರ್ಭಕ್ಕೆ ತಕ್ಕದ್ದು ವಿವರಣೆಯಲ್ಲಿ ಉಳಿಯಲಿ.

ಹಂಚಿಕೆಗೆ ಇಂಡೆಕ್ಸ್ ಕಡತವೊಂದನ್ನು ಮಾಡಿ. ಅದರೊಳಗೆ ನಿಮ್ಮ ಪ್ರತಿ ಕಡತದ ಹೆಸರು ಮತ್ತು ಅದು ಅಂತರ್ಜಾಲದಲ್ಲಿರುವ ವಿಳಾಸ ಇರುತ್ತದೆ. ಕಡತಗಳನ್ನು ಇಟ್ಟು ಹಂಚುವ ಗಿಟ್‌ಹಬ್ ಜಾಲತಾಣದಲ್ಲಿ ಇಡುವುದಾದರೆ ಪುಟದ ವಿಳಾಸ ಕೊಡಬೇಡಿ, ಕಚ್ಚಾ ಕಡತದ ವಿಳಾಸವನ್ನೇ ಕೊಡಿ; ಇಲ್ಲವಾದರೆ ನಿಮ್ಮ ಎಕ್ಸ್‌ಎಂಎಲ್ ಬದಲು ಇಡೀ ಜಾಲಪುಟ ಇಳಿಯುತ್ತದೆ. ಸ್ನೇಹಿತರು ಇಂಡೆಕ್ಸಿನ ವಿಳಾಸವನ್ನು ಹೆಚ್ಚುವರಿ ವಿಷಯದ ಭಾಗದಲ್ಲಿ ಒಮ್ಮೆ ಅಂಟಿಸಿದರೆ ಸಾಕು. ಮುಂದೆ ತಿದ್ದಿದಾಗಲೆಲ್ಲ ಕಡತದ ಮೇಲ್ಭಾಗದ ಆವೃತ್ತಿ ಸಂಖ್ಯೆಯನ್ನು ಏರಿಸಲು ಮರೆಯಬೇಡಿ.

ಹಕ್ಕುಗಳ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟಾದದ್ದು. 2023ರ ಜನವರಿಯಲ್ಲಿ ಆಟದ ಮೂಲ ನಿಯಮಗಳ ಸಂಗ್ರಹದ 5.1 ಆವೃತ್ತಿಯನ್ನು ಅದರ ಪ್ರಕಾಶಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಮೂಲವನ್ನು ಸ್ಮರಿಸಿ ಯಾರೂ ಬಳಸಬಹುದು. ಆದರೆ ಆ 5.1 ಸಂಗ್ರಹದಲ್ಲಿರುವ ಬ್ಯಾಕ್‌ಗ್ರೌಂಡ್ ಅಕೋಲೈಟ್ ಒಂದೇ, ಫೀಟ್ (ಪಾತ್ರದ ಹೆಚ್ಚುವರಿ ಸಾಮರ್ಥ್ಯ) ಗ್ರ್ಯಾಪ್ಲರ್ ಒಂದೇ, ಫೈಟರ್‌ನ ಉಪವರ್ಗ ಚಾಂಪಿಯನ್ ಒಂದೇ. ನಾವಿಕನ ಬ್ಯಾಕ್‌ಗ್ರೌಂಡ್ ಅದರಲ್ಲಿಲ್ಲ. ಆದ್ದರಿಂದ ನೀವು ನಾವಿಕನ ಕಡತದಿಂದ ಪ್ರತಿ ತೆಗೆದ ಪಠ್ಯದ ಒಂದು ಸಾಲೂ ನಿಮ್ಮ ಕಡತದಲ್ಲಿ ಉಳಿಯದಂತೆ ನೋಡಿಕೊಳ್ಳಿ. ಐಡಿಗಳನ್ನು ಉಲ್ಲೇಖಿಸುವುದು ಬೇರೆ, ಪುಸ್ತಕದ ವಾಕ್ಯಗಳನ್ನು ಹಂಚುವುದು ಬೇರೆ. ರಂಪಣಿಯೂ ಕೋಟೆಯ ಕಾವಲೂ ನಿಮ್ಮದೇ ಬರವಣಿಗೆ, ಅವನ್ನು ನಿಸ್ಸಂಕೋಚವಾಗಿ ಹಂಚಿ.

ಕಾಳಿತೀರ, ಕಾರವಾರ

ಸಪೋರ್ಟ್ಸ್ ಟ್ಯಾಗ್ ಸೇರಿಸಿದ ಕೂಡಲೇ ಉಪವರ್ಗ ಪಟ್ಟಿಗೆ ಬಂದಿತು. ವೈಯಕ್ತಿಕ ಗುಣಗಳ ಭಾಗದಲ್ಲಿ ನಾವಿಕನ ಆರು ಸಾಲುಗಳು ಹಾಗೆಯೇ ಉಳಿದಿದ್ದವು, ಅಳಿಸಿ ಹೊಸದಾಗಿ ಬರೆದೆ. ಗೋಡೆಯ ಲಕ್ಷಣವನ್ನು ನಾನು ಸ್ಟ್ಯಾಟ್ ಮಾಡಿಯೇ ಇಟ್ಟಿದ್ದೆ, ಅದನ್ನೂ ವಿವರಣೆಗೆ ಇಳಿಸಿದ್ದೇನೆ. ಕುಮಟೆಯವರು ಹೇಳಿದಂತೆ ಕನ್ನಡದ ವಿವರಣೆಯನ್ನು ಹಾಳೆಯ ಹಿಂಬದಿಗೆ ಮುದ್ರಿಸಿ ಐದು ಪ್ರತಿ ತೆಗೆದಿಟ್ಟಿದ್ದೇನೆ. ಇಂಡೆಕ್ಸ್ ಕಡತ ಈ ವಾರದೊಳಗೆ ಸಿದ್ಧವಾಗುತ್ತದೆ, ವಿಳಾಸವನ್ನು ಇಲ್ಲಿಯೇ ಹಾಕುತ್ತೇನೆ. ಶಿರಸಿಯವರು ಬೇಡರ ವೇಷದ ಕಡತ ಬರೆದಾಗ ತಿಳಿಸಿದರೆ ಅದನ್ನೂ ಅದೇ ಇಂಡೆಕ್ಸಿನಲ್ಲಿ ಅವರ ಹೆಸರಿನ ಫೋಲ್ಡರಿನಡಿ ಸೇರಿಸಬಹುದು.